ಬೀಗ ಹಾಕಿದ ಕೋಣೆಯಿಂದ ಗ್ರಂಥಾಲಯದ ಮೇಜಿಗೆ: ಒಂದು ವಿಜ್ಞಾನ ಅನುದಾನದ ಪ್ರಕರಣ ಅಧ್ಯಯನ

ಮಧ್ಯ ಕರ್ನಾಟಕದ ಒಂದು ಬಯಲುಸೀಮೆ ತಾಲ್ಲೂಕಿನಲ್ಲಿ ಒಂದು ಸಣ್ಣ ಟ್ರಸ್ಟ್ ಎರಡು ಬಾರಿ ಅನುದಾನ ಪಡೆಯಿತು. ಉದ್ದೇಶ ಎರಡು ಸಲವೂ ಒಂದೇ: ಹಳ್ಳಿಯ ಮಕ್ಕಳು ವಿಜ್ಞಾನ, ತಂತ್ರಜ್ಞಾನ, ಗಣಿತವನ್ನು ಕೈಯಾರೆ ಮಾಡಿ ಕಲಿಯಬೇಕು. ಮೊದಲ ಅನುದಾನದ ಪ್ರತಿ ರೂಪಾಯಿಗೂ ರಸೀದಿ ಇತ್ತು, ಲೆಕ್ಕಪರಿಶೋಧನೆಯಲ್ಲಿ ಒಂದು ಆಕ್ಷೇಪಣೆಯೂ ಬರಲಿಲ್ಲ. ಆದರೂ ಮಕ್ಕಳ ಕೈಗೆ ಏನೂ ಸಿಗಲಿಲ್ಲ. ಎರಡನೆಯದು ಮೊದಲಿನದರ ಅರ್ಧಕ್ಕಿಂತ ಕಡಿಮೆ ಮೊತ್ತ. ಅದು ನಡೆಯಿತು, ಇಂದಿಗೂ ನಡೆಯುತ್ತಿದೆ. ಈ ಎರಡರ ನಡುವೆ ಏನೇನು ಬದಲಾಯಿತು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಊರು, ಟ್ರಸ್ಟ್, ಕಂಪನಿಗಳು, ವ್ಯಕ್ತಿಗಳು ಯಾರೆಂದು ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮೊತ್ತಗಳನ್ನೂ ಹೇಳಿಲ್ಲ, ಯಾವುದಕ್ಕೆ ಎಷ್ಟು ಪಾಲು ಹೋಯಿತೆಂದು ಮಾತ್ರ ಹೇಳಿದ್ದೇನೆ. ಎರಡನೇ ಸುತ್ತಿನಲ್ಲಿ ಪ್ರಸ್ತಾವನೆ ಮತ್ತು ಲೆಕ್ಕಪತ್ರ ಬರೆಯುವ ಕೆಲಸದಲ್ಲಿ ನಾನು ಟ್ರಸ್ಟಿನ ಜೊತೆಗಿದ್ದೆ. ಮೊದಲ ಸುತ್ತಿನ ಸಂಗತಿಗಳು ಕಡತಗಳಿಂದ ಮತ್ತು ಅದರಲ್ಲಿ ತೊಡಗಿದ್ದವರ ಮಾತುಗಳಿಂದ ತಿಳಿದವು.

ಹಿನ್ನೆಲೆ

ಟ್ರಸ್ಟ್ ಶುರುವಾದದ್ದು ಬೇಸಿಗೆ ಶಿಬಿರಗಳಿಂದ. ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು, ತಾಲ್ಲೂಕು ಕೋರ್ಟಿನ ವಕೀಲರೊಬ್ಬರು ಮತ್ತು ಔಷಧ ಅಂಗಡಿ ನಡೆಸುವ ಮಹಿಳೆಯೊಬ್ಬರು ಸೇರಿ ಅದನ್ನು ಕಟ್ಟಿದ್ದರು. ಶಿಕ್ಷಕರು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಪತ್ರಿಕೆಯ ಹಳೆಯ ಓದುಗರು. ಸೈಕಲ್ ಟ್ಯೂಬಿನ ಚೂರು, ಹಳೆಯ ಚಪ್ಪಲಿಯ ಅಟ್ಟೆ, ಸ್ಟ್ರಾ, ಆಯಸ್ಕಾಂತ ಇಷ್ಟರಲ್ಲೇ ಹತ್ತು ದಿನದ ಶಿಬಿರ ನಡೆಸುವುದು ಅವರಿಗೆ ಕರಗತವಾಗಿತ್ತು. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೂ ಊರಿನ ಮಕ್ಕಳನ್ನು ಸಿದ್ಧಪಡಿಸಿ ಕಳುಹಿಸುತ್ತಿದ್ದರು. ಶಿಬಿರ ಮೇ ತಿಂಗಳಿಗೆ ಮುಗಿಯುತ್ತಿತ್ತು. ಜೂನ್‌ನಲ್ಲಿ ಮಕ್ಕಳು ಬಂದು, ‘ಸರ್, ಆ ಮೋಟಾರು ಇನ್ನೊಮ್ಮೆ ಮಾಡಬಹುದೇ?’ ಎಂದು ಕೇಳಿದರೆ ಅದಕ್ಕೊಂದು ಜಾಗವೂ ಇರಲಿಲ್ಲ, ಸಾಮಾನೂ ಇರಲಿಲ್ಲ. ವರ್ಷವಿಡೀ ತೆರೆದಿರುವ ಒಂದು ಜಾಗ ಬೇಕು ಎಂಬ ಆಸೆ ಹುಟ್ಟಿದ್ದು ಅಲ್ಲಿಂದ.

ಮೊದಲು ನೋಡಿದ್ದು ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯನ್ನು. ನೀತಿ ಆಯೋಗದ ಅಟಲ್ ಇನ್ನೊವೇಶನ್ ಮಿಷನ್ ಅಡಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಬರುತ್ತದೆ. 10 ಲಕ್ಷ ಪ್ರಯೋಗಾಲಯ ಕಟ್ಟಲು, ಉಳಿದ 10 ಲಕ್ಷ ಐದು ವರ್ಷ ನಡೆಸಲು. ನಡೆಸುವ ಖರ್ಚನ್ನು ಕಟ್ಟುವ ಖರ್ಚಿನಷ್ಟೇ ದೊಡ್ಡದೆಂದು ಒಪ್ಪಿಕೊಂಡಿರುವುದು ಈ ಯೋಜನೆಯ ಬಹಳ ಒಳ್ಳೆಯ ಗುಣ ಎಂದು ನನ್ನ ಅಭಿಪ್ರಾಯ. ಆದರೆ ಅದು ಸಿಗುವುದು ಶಾಲೆಗೆ, 6ರಿಂದ 12ನೇ ತರಗತಿಯ ಮಕ್ಕಳಿಗಾಗಿ. ಬಯಲು ಪ್ರದೇಶದಲ್ಲಿ 1,500 ಚದರ ಅಡಿ ಜಾಗ ತೋರಿಸಬೇಕಿತ್ತು. ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಅಷ್ಟು ಖಾಲಿ ಜಾಗವಿರಲಿಲ್ಲ. ಎಸ್ಎಸ್ಎಲ್‌ಸಿ ಮುಗಿಸಿ ಮನೆಯಲ್ಲಿ ಕುಳಿತವರು, ಐಟಿಐಗೆ ಹೋಗುವವರು ಶಾಲೆಯ ಪ್ರಯೋಗಾಲಯಕ್ಕೆ ಬರುವ ದಾರಿಯೂ ಇರಲಿಲ್ಲ. ಹೀಗಾಗಿ ಟ್ರಸ್ಟ್ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದ ಕಡೆ ತಿರುಗಿತು.

ಈ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದರೆ ಮುಂದಿನದು ಅರ್ಥವಾಗುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಪಡೆಯುವ ಸಂಸ್ಥೆಗೆ 1961ರ ಆದಾಯ ತೆರಿಗೆ ಕಾಯ್ದೆಯ 12ಎ (ಸಂಸ್ಥೆಯ ಆದಾಯಕ್ಕೆ ವಿನಾಯಿತಿ), 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ನೋಂದಣಿ ಬೇಕಿತ್ತು. 2021ರ ಏಪ್ರಿಲ್‌ನಿಂದ, ಸಿಎಸ್‌ಆರ್-1 ಎಂಬ ನಮೂನೆ ಸಲ್ಲಿಸಿ ಪಡೆಯುವ ನೋಂದಣಿ ಸಂಖ್ಯೆಯೂ ಬೇಕು. ಈ ಕಾಗದಗಳನ್ನು ಕೂಡಿಸಿಕೊಳ್ಳುವುದರಲ್ಲೇ ಎಷ್ಟೋ ಸಣ್ಣ ಸಂಸ್ಥೆಗಳು ಸುಸ್ತಾಗುತ್ತವೆ. ನಮ್ಮ ಟ್ರಸ್ಟಿನಲ್ಲಿ ವಕೀಲರಿದ್ದದ್ದು ದೊಡ್ಡ ಅನುಕೂಲವಾಯಿತು.

ಮೊದಲ ಸುತ್ತು

ಪಕ್ಕದ ಜಿಲ್ಲೆಯಲ್ಲಿ ಕಾರ್ಖಾನೆಯಿದ್ದ ಕಂಪನಿಯೊಂದರಿಂದ ಜನವರಿಯಲ್ಲಿ ಕರೆ ಬಂತು. ಆ ವರ್ಷದ ಬಾಬ್ತಿನಲ್ಲಿ ಹಣ ಉಳಿದಿದೆ, ಮಾರ್ಚ್ 31ರೊಳಗೆ ಬಳಕೆಯಾಗಬೇಕು, ಬೇಗ ಪ್ರಸ್ತಾವನೆ ಕಳುಹಿಸಿ ಎಂದರು. ಉಪಕರಣ ಮಾರುವ ಏಜೆನ್ಸಿಯೊಂದರ ದರಪಟ್ಟಿಯೇ ಹೆಚ್ಚುಕಡಿಮೆ ಪ್ರಸ್ತಾವನೆಯಾಯಿತು. ನೂರು ರೂಪಾಯಿಯಲ್ಲಿ ಸುಮಾರು ಎಂಬತ್ತು ಉಪಕರಣಕ್ಕೆ: ತ್ರೀಡಿ ಪ್ರಿಂಟರ್, ರೋಬೋಟ್ ಕಿಟ್‌ಗಳು, ಮೈಕ್ರೊಕಂಟ್ರೋಲರ್ ಬೋರ್ಡ್‌ಗಳು (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಸರ್ಕಿಟ್ ಬೋರ್ಡ್‌ಗಳು), ಗೋಡೆಗೊಂದು ಸ್ಮಾರ್ಟ್ ಬೋರ್ಡ್. ಉಳಿದದ್ದು ಬಣ್ಣ, ನಾಮಫಲಕ, ಪೀಠೋಪಕರಣ ಮತ್ತು ಶಿಕ್ಷಕರಿಗೆ ಎರಡು ದಿನದ ತರಬೇತಿಗೆ. ನಡೆಸುವ ವ್ಯಕ್ತಿಗೆ ಒಂದು ಪೈಸೆಯೂ ಇರಲಿಲ್ಲ. ಸವೆದು ಹೋಗುವ ವಸ್ತುಗಳನ್ನು ಮತ್ತೆ ಕೊಳ್ಳಲೂ ಇರಲಿಲ್ಲ.

ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಸಿಎಸ್‌ಆರ್ ನಿಯಮಗಳ ಪ್ರಕಾರ, ಕೊಟ್ಟ ಹಣ ಮಂಜೂರಾದ ಕೆಲಸಕ್ಕೇ ಬಳಕೆಯಾಗಿದೆ ಎಂದು ಕಂಪನಿಯ ಮುಖ್ಯ ಹಣಕಾಸು ಅಧಿಕಾರಿ ಪ್ರಮಾಣೀಕರಿಸಬೇಕು. ಆರ್ಥಿಕ ವರ್ಷದ ಕೊನೆಯ ಎರಡು ತಿಂಗಳಲ್ಲಿ ಹಾಗೆ ಪ್ರಮಾಣೀಕರಿಸಲು ಉಪಕರಣದ ಬಿಲ್ಲಿಗಿಂತ ಸುಲಭದ ಕಾಗದ ಇನ್ನೊಂದಿಲ್ಲ. ಮುಂದಿನ ಹನ್ನೆರಡು ತಿಂಗಳು ಒಬ್ಬರಿಗೆ ಕೊಡಬೇಕಾದ ಗೌರವಧನಕ್ಕೆ ಮಾರ್ಚ್‌ನಲ್ಲಿ ಬಿಲ್ಲು ಹುಟ್ಟುವುದಿಲ್ಲ.

ಪ್ರಯೋಗಾಲಯ ಸರ್ಕಾರಿ ಪ್ರೌಢಶಾಲೆಯ ಒಂದು ಸಣ್ಣ ಕೋಣೆಯಲ್ಲಿ ಉದ್ಘಾಟನೆಯಾಯಿತು. ಉಪಕರಣಗಳೆಲ್ಲ ಶಾಲೆಯ ದಾಸ್ತಾನು ಪುಸ್ತಕಕ್ಕೆ ಏರಿದವು. ಮರುದಿನದಿಂದ ಕೋಣೆಗೆ ಬೀಗ ಬಿತ್ತು.

ಮುಖ್ಯೋಪಾಧ್ಯಾಯರನ್ನು ದೂರುವುದು ಸುಲಭ. ಟ್ರಸ್ಟಿನವರು ಕೇಳಿದಾಗ ಅವರು ಮುಚ್ಚುಮರೆ ಇಲ್ಲದೆ ಹೇಳಿದರು: ‘ಮಕ್ಕಳು ಮುಟ್ಟಲಿ ಎಂದು ನನಗೂ ಆಸೆಯಿದೆ ಮೇಷ್ಟ್ರೇ. ಆದರೆ ಇದೆಲ್ಲ ನನ್ನ ಸಹಿಯಲ್ಲಿದೆ. ನಾಳೆ ನಾನು ಚಾರ್ಜು ಕೊಡುವಾಗ ನಾಲ್ಕು ಬೋರ್ಡು ಕಡಿಮೆ ಬಂದರೆ ಅದನ್ನು ನಾನೇ ತುಂಬಿಕೊಡಬೇಕು. ನಿವೃತ್ತಿಗೆ ಎರಡು ವರ್ಷ ಉಳಿದಿದೆ.’ ವಿಜ್ಞಾನ ಶಿಕ್ಷಕಿ ವಾರದಲ್ಲಿ ಮೂರು ದಿನ ಇನ್ನೊಂದು ಶಾಲೆಗೆ ನಿಯೋಜನೆಯ ಮೇಲೆ ಹೋಗುತ್ತಿದ್ದರು. ಇದ್ದ ಮೂರು ದಿನವೂ ಪಾಠ ಮುಗಿಸುವುದೇ ಅವರಿಗೆ ಸಾಹಸವಾಗಿತ್ತು.

ಉಪಕರಣಗಳು ಬೀಗದೊಳಗೂ ಸುಮ್ಮನೆ ಇರಲಿಲ್ಲ. ಬಳಸದೆ ಬಿಟ್ಟ ಲಿಥಿಯಂ ಬ್ಯಾಟರಿಗಳು ತಾವಾಗಿಯೇ ಬರಿದಾಗಿ, ಮತ್ತೆ ಚಾರ್ಜು ಹಿಡಿಯದ ಸ್ಥಿತಿಗೆ ಬಂದವು. ತ್ರೀಡಿ ಪ್ರಿಂಟರಿಗೆ ಹಾಕುವ, ತೆರೆದಿಟ್ಟ ಪ್ಲಾಸ್ಟಿಕ್ ತಂತಿಯ ಸುರುಳಿ ಮಳೆಗಾಲದ ತೇವ ಹೀರಿತು. ಆ ಪ್ರಿಂಟರಿಗೆ ಒಂದು ಚಿಕ್ಕ ವಸ್ತುವನ್ನು ಅಚ್ಚು ಹಾಕಲೂ ಗಂಟೆಗಟ್ಟಲೆ ಸತತ ವಿದ್ಯುತ್ ಬೇಕು. ಆ ಊರಿನಲ್ಲಿ ಮಧ್ಯಾಹ್ನದ ಕರೆಂಟಿನ ಮೇಲೆ ಅಷ್ಟು ಭರವಸೆ ಇಡುವಂತಿರಲಿಲ್ಲ. ನಡುವೆ ನಿಂತುಹೋದ ಅಚ್ಚುಗಳ ಜೊತೆಗೆ, ಕರಗಿದ ಪ್ಲಾಸ್ಟಿಕ್ ಹೊರಬರುವ ನಳಿಕೆಯೂ ಕಟ್ಟಿಕೊಂಡಿತು. ಅದನ್ನು ಬಿಡಿಸಬಲ್ಲವರು ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ.

ವರ್ಷಾಂತ್ಯದ ವರದಿಯಲ್ಲಿ ಫಲಾನುಭವಿಗಳ ಸಂಖ್ಯೆ ಎಂಬ ಅಂಕಣಕ್ಕೆ ಶಾಲೆಯ ಒಟ್ಟು ದಾಖಲಾತಿಯನ್ನೇ ಬರೆಯಲಾಯಿತು. ಅದನ್ನು ಯಾರೂ ಪ್ರಶ್ನಿಸಲಿಲ್ಲ. ನನಗೆ ಇಡೀ ಕಡತದಲ್ಲಿ ಅತಿ ಹೆಚ್ಚು ನೋವು ಕೊಟ್ಟ ಪುಟ ಅದು.

ಹಳೆಯದನ್ನು ಬಿಟ್ಟುಕೊಟ್ಟ ನಿರ್ಧಾರ

ಟ್ರಸ್ಟಿಗಳ ಸಭೆಯಲ್ಲಿ ಮೂರು ಸಲಹೆಗಳು ಬಂದವು. ಅದೇ ಕಂಪನಿಯಿಂದ ವಾರ್ಷಿಕ ನಿರ್ವಹಣೆಗೆ ಹಣ ಕೇಳುವುದು ಒಂದು. ಉಪಕರಣಗಳನ್ನು ಶಾಲೆಯಿಂದ ಹೊರತಂದು ಬೇರೆಡೆ ಇಡುವುದು ಎರಡನೆಯದು. ಎಲ್ಲ ಬಿಟ್ಟು ಬೇಸಿಗೆ ಶಿಬಿರಗಳಿಗೆ ಮರಳುವುದು ಮೂರನೆಯದು.

ಎರಡನೆಯ ಸಲಹೆಗೆ ಕಾನೂನಿನ ತೊಡಕಿತ್ತು. ಸಿಎಸ್‌ಆರ್ ಹಣದಿಂದ ಆದ ಆಸ್ತಿ ಯಾರ ಹೆಸರಿನಲ್ಲಿರಬೇಕು ಎಂಬುದಕ್ಕೆ 2021ರ ತಿದ್ದುಪಡಿಯ ನಂತರ ಸ್ಪಷ್ಟ ನಿಯಮವಿದೆ. ಸಿಎಸ್‌ಆರ್ ನೋಂದಣಿಯಿರುವ ಧರ್ಮಾರ್ಥ ಸಂಸ್ಥೆ, ಸ್ವಸಹಾಯ ಸಂಘದಂತಹ ರೂಪದಲ್ಲಿರುವ ಫಲಾನುಭವಿಗಳು ಅಥವಾ ಸಾರ್ವಜನಿಕ ಪ್ರಾಧಿಕಾರ, ಇಷ್ಟರಲ್ಲಿ ಒಬ್ಬರ ಹೆಸರಿಗೆ ಮಾತ್ರ. ಇಲ್ಲಿ ಅದು ಆಗಲೇ ಸರ್ಕಾರಿ ಶಾಲೆಯ ಆಸ್ತಿಯಾಗಿತ್ತು. ಅದನ್ನು ಹೊರತರಲು ಇಲಾಖೆಯ ಮೆಟ್ಟಿಲು ಹತ್ತಬೇಕಿತ್ತು, ಮುಖ್ಯೋಪಾಧ್ಯಾಯರೊಡನೆ ಮನಸ್ತಾಪ ಕಟ್ಟಿಕೊಳ್ಳಬೇಕಿತ್ತು. ವಕೀಲರು ಹೋರಾಡಲು ತಯಾರಿದ್ದರು. ಬೇಡ ಎಂದವರು ಔಷಧ ಅಂಗಡಿಯ ಟ್ರಸ್ಟಿ. ‘ಆ ಯಂತ್ರಗಳಿಗಾಗಿ ಜಗಳವಾಡಿ ಶಾಲೆಯ ಬಾಗಿಲು ಮುಚ್ಚಿಸಿಕೊಂಡರೆ ಮಕ್ಕಳು ನಮ್ಮ ಹತ್ತಿರ ಬರುವುದಾದರೂ ಹೇಗೆ?’ ಎಂದು ಕೇಳಿದರು. ಉಪಕರಣಗಳನ್ನು ಶಾಲೆಗೇ ಬಿಟ್ಟು, ಬೇರೆ ಜಾಗದಲ್ಲಿ, ಅಗ್ಗದ ಸಾಮಾನಿನಿಂದ ಹೊಸದಾಗಿ ಶುರುಮಾಡುವುದೆಂದು ತೀರ್ಮಾನವಾಯಿತು. ಈ ಪ್ರಕರಣದ ಮೊದಲ ದೊಡ್ಡ ತಿರುವು ಇದು. ಅಷ್ಟು ಬೆಲೆಬಾಳುವ ವಸ್ತುಗಳನ್ನು ಬಿಟ್ಟುಕೊಡಲು ಸಣ್ಣ ಸಂಸ್ಥೆಗೆ ಗಟ್ಟಿ ಮನಸ್ಸು ಬೇಕು.

ಹೊಸ ಜಾಗ ಗ್ರಾಮ ಪಂಚಾಯಿತಿ ಗ್ರಂಥಾಲಯ. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವುಗಳ ಹೆಸರು ಅರಿವು ಕೇಂದ್ರ. ಶಾಲೆ ಬಿಟ್ಟ ಮೇಲೆ ಮಕ್ಕಳು ಹೇಗೂ ಅಲ್ಲಿಗೆ ಬರುತ್ತಿದ್ದರು. ಪಿಯುಸಿ, ಐಟಿಐ ಓದುವವರೂ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಹುಡುಕಿಕೊಂಡು ಬರುತ್ತಿದ್ದರು. ಯಾವ ತರಗತಿ ಎಂದು ಯಾರೂ ಕೇಳುವುದಿಲ್ಲ.

ಪಂಚಾಯಿತಿ ಸಭೆಯಲ್ಲಿ ಪಿಡಿಒ ಎರಡೇ ಪ್ರಶ್ನೆ ಕೇಳಿದರು. ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ? ಮಗುವಿಗೆ ಶಾಕ್ ಹೊಡೆದರೆ ಯಾರು ಹೊಣೆ? ಎರಡಕ್ಕೂ ಬರವಣಿಗೆಯಲ್ಲಿ ಉತ್ತರ ಕೊಟ್ಟ ಮೇಲೆಯೇ ಠರಾವು ಆಯಿತು. ಮಕ್ಕಳ ಪ್ರಯೋಗಗಳೆಲ್ಲ 12 ವೋಲ್ಟ್ ಒಳಗಿನ ಬ್ಯಾಟರಿಯಲ್ಲಿ. ಗೋಡೆಯ ಪ್ಲಗ್ಗಿಗೆ ಸೇರುವುದು ಬೆಸುಗೆ ಕಡ್ಡಿ ಮಾತ್ರ, ಅದೂ ಮೇಲ್ವಿಚಾರಣೆಯಲ್ಲಿ. ಈ ಒಂದು ನಿಯಮ ಮುಂದೆ ಎಷ್ಟೋ ತಂಟೆಗಳನ್ನು ತಪ್ಪಿಸಿತು.

ತಲೆಕೆಳಗಾದ ಆಯವ್ಯಯ

ಎರಡನೇ ಪ್ರಸ್ತಾವನೆಯಲ್ಲಿ ಅರ್ಧ ಹಣವನ್ನು ವ್ಯಕ್ತಿಗೆ ಇಟ್ಟೆವು: ಪೂರ್ಣಾವಧಿಯ ಒಬ್ಬ ಮಾರ್ಗದರ್ಶಿ, ಜೊತೆಗೆ ರಜಾದಿನಗಳಲ್ಲಿ ನೆರವಾಗುವ ಇಬ್ಬರು ಐಟಿಐ ವಿದ್ಯಾರ್ಥಿಗಳಿಗೆ ಸಣ್ಣ ಸಂಭಾವನೆ. ಕಾಲುಭಾಗ ಹಾಳಾಗುವ, ಸುಡುವ, ಮುಗಿದುಹೋಗುವ ವಸ್ತುಗಳಿಗೆ. ಉಳಿದ ಕಾಲುಭಾಗದಲ್ಲಿ ಮಲ್ಟಿಮೀಟರ್, ಸ್ಕ್ರೂಡ್ರೈವರ್‌ಗಳಂತಹ ಬಾಳಿಕೆ ಬರುವ ಸಾಧನಗಳು, ಪ್ರಯಾಣ, ಲೆಕ್ಕಪರಿಶೋಧನೆ. ‘ಹಾಳಾಗುವ ವಸ್ತುಗಳು’ ಎಂಬ ಬಾಬ್ತನ್ನು ಅದೇ ಹೆಸರಿನಲ್ಲಿ, ಮರೆಮಾಚದೆ ಬರೆಯಬೇಕೆಂದು ಶಿಕ್ಷಕರು ಹಟ ಹಿಡಿದರು. ಇತರೆ ವೆಚ್ಚ ಎಂದು ಬರೆದರೆ ಚೌಕಾಸಿಯಲ್ಲಿ ಮೊದಲು ಹಾರಿಹೋಗುವುದು ಅದೇ ಎಂಬುದು ಅವರ ವಾದ.

ಈ ಸಲ ಹೋದದ್ದು ಬೆಂಗಳೂರಿನ ಇನ್ನೊಂದು ಕಂಪನಿಗೆ. ಅಧಿಕಾರಿಯ ಮೊದಲ ಪ್ರತಿಕ್ರಿಯೆ ನಿರೀಕ್ಷಿತವೇ ಆಗಿತ್ತು: ‘ಗೌರವಧನ ಆಡಳಿತ ವೆಚ್ಚ. ಕಾನೂನಿನಲ್ಲಿ ಅದಕ್ಕೆ ಶೇ 5ರ ಮಿತಿ ಇದೆ. ನೀವು ಶೇ 50 ಕೇಳುತ್ತಿದ್ದೀರಿ.’

ಈ ತಪ್ಪು ತಿಳಿವಳಿಕೆ ವ್ಯಾಪಕವಾಗಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಶೇ 5ರ ಮಿತಿ ನಿಜ. ಆದರೆ ನಿಯಮದಲ್ಲಿರುವ ವ್ಯಾಖ್ಯೆಯ ಪ್ರಕಾರ ಆಡಳಿತ ವೆಚ್ಚವೆಂದರೆ ಕಂಪನಿಯು ತನ್ನೊಳಗಿನ ಸಿಎಸ್‌ಆರ್ ವಿಭಾಗದ ಸಾಮಾನ್ಯ ನಿರ್ವಹಣೆಗೆ ಮಾಡುವ ಖರ್ಚು. ನಿರ್ದಿಷ್ಟ ಯೋಜನೆಯೊಂದರ ರೂಪುರೇಷೆ, ಅನುಷ್ಠಾನ, ಉಸ್ತುವಾರಿ, ಮೌಲ್ಯಮಾಪನಕ್ಕೆ ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲ ಎಂದು ಅದೇ ವ್ಯಾಖ್ಯೆ ಬಿಡಿಸಿ ಹೇಳುತ್ತದೆ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2021ರ ಆಗಸ್ಟ್‌ನಲ್ಲಿ ಪ್ರಶ್ನೋತ್ತರ ರೂಪದಲ್ಲಿ ಹೊರಡಿಸಿದ ಸುತ್ತೋಲೆಯೂ ಈ ವಿಷಯವನ್ನು ವಿವರಿಸಿದೆ. ಕಲಿಕೆಯೇ ಯೋಜನೆಯಾಗಿರುವಾಗ ಕಲಿಸುವವರ ಸಂಬಳ ಆ ಯೋಜನೆಯ ವೆಚ್ಚವೇ ಹೊರತು ಕಂಪನಿಯ ಆಡಳಿತ ವೆಚ್ಚವಲ್ಲ.

ನಾವು ವಾದಕ್ಕಿಳಿಯದೆ, ನಿಯಮದ ಆ ಸಾಲುಗಳನ್ನು ಒಂದೇ ಪುಟದಲ್ಲಿ ಬರೆದು, ‘ದಯವಿಟ್ಟು ನಿಮ್ಮ ಕಂಪನಿ ಕಾರ್ಯದರ್ಶಿಯವರಿಗೆ ತೋರಿಸಿ’ ಎಂದು ಕಳುಹಿಸಿದೆವು. ಅವರು ಒಪ್ಪಿದರು. ನಿರ್ಧಾರ ಕೈಗೊಳ್ಳುವವರ ಮೇಜಿಗೆ ಸರಿಯಾದ ಕಾಗದ ತಲುಪಿಸುವುದು ಅರ್ಜಿದಾರರ ಕೆಲಸ ಎಂದೇ ನಾನು ತಿಳಿಯುತ್ತೇನೆ. ಕಂಪನಿಯ ಅಧಿಕಾರಿಗಳಲ್ಲಿ ಹಲವರು ಮನಸ್ಸಿಲ್ಲದೆ ನಿರಾಕರಿಸುವವರಲ್ಲ, ಆಡಿಟ್ ಆಕ್ಷೇಪಣೆಗೆ ಹೆದರಿ ನಿರಾಕರಿಸುವವರು. ಬೀಗ ಹಾಕಿದ ಮುಖ್ಯೋಪಾಧ್ಯಾಯರನ್ನು ಕಾಡಿದ್ದೂ ಇದೇ ಬಗೆಯ ಹೆದರಿಕೆ.

ಎರಡನೆಯ ಕೋರಿಕೆ ಅವಧಿಯದು. ಮಾರ್ಚ್ ಕೊನೆಯ ಒತ್ತಡ ತಪ್ಪಬೇಕಾದರೆ ಕಂಪನಿಯ ಆಡಳಿತ ಮಂಡಳಿ ಇದನ್ನು ಚಾಲ್ತಿ ಯೋಜನೆ ಎಂದು ಘೋಷಿಸಬೇಕು. ಹಾಗಾದರೆ ಶುರುವಾದ ವರ್ಷವನ್ನು ಬಿಟ್ಟು ಮೂರು ಆರ್ಥಿಕ ವರ್ಷಗಳವರೆಗೆ ಯೋಜನೆ ನಡೆಯಬಹುದು. ವರ್ಷಾಂತ್ಯಕ್ಕೆ ಉಳಿದ ಹಣವನ್ನು ಕಂಪನಿಯು 30 ದಿನಗಳೊಳಗೆ ಪ್ರತ್ಯೇಕ ಖಾತೆಗೆ ವರ್ಗಾಯಿಸಿ ಮುಂದೆ ಬಳಸಬಹುದು. ಹಣ ಕೈಗೆ ಬಂದ ಮೇಲೆ ಇದನ್ನು ಕೇಳಿದರೆ ತಡವಾಗುತ್ತದೆ. ಮಂಜೂರಾತಿಯ ಸಮಯದಲ್ಲೇ ಕೇಳಿದ್ದರಿಂದ ಆಯಿತು.

ಮಾರ್ಗದರ್ಶಿಯ ಆಯ್ಕೆಯಲ್ಲಿ ಟ್ರಸ್ಟಿಗಳು ಎರಡು ಗುಂಪಾದರು. ಜಿಲ್ಲಾ ಕೇಂದ್ರದಿಂದ ಓಡಾಡಲು ತಯಾರಿದ್ದ ಎಂಜಿನಿಯರಿಂಗ್ ಪದವೀಧರರೊಬ್ಬರು ಒಂದು ಕಡೆ. ಅದೇ ಹೋಬಳಿಯವಳಾದ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಕಾರ್ಖಾನೆಯಲ್ಲಿ ಸರ್ಕಿಟ್ ಬೋರ್ಡ್ ಜೋಡಿಸುವ ಗುತ್ತಿಗೆ ಕೆಲಸ ಮಾಡಿ ಊರಿಗೆ ಮರಳಿದ್ದ ಯುವತಿ ಇನ್ನೊಂದು ಕಡೆ. ಪ್ರತಿದಿನ ಸಂಜೆ ಬಾಗಿಲು ತೆರೆಯಬಲ್ಲವರು ಯಾರು ಎಂಬ ಒಂದೇ ಪ್ರಶ್ನೆಯ ಮೇಲೆ ಆಯ್ಕೆ ನಡೆಯಿತು. ಆಕೆಯನ್ನು ಮಕ್ಕಳು ಮೊದಲ ವಾರದಿಂದಲೇ ಅಕ್ಕ ಎಂದು ಕರೆದರು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಕೆಟ್ಟದ್ದರ ಪುಸ್ತಕ

ಶುರುವಿನಲ್ಲೇ ಒಬ್ಬ ಹುಡುಗ ಕೆಂಪು ಎಲ್ಇಡಿಯನ್ನು 9 ವೋಲ್ಟ್ ಬ್ಯಾಟರಿಗೆ ನೇರವಾಗಿ ಸೇರಿಸಿದ. ಕ್ಷಣ ಹೊಳೆದು ಸುಟ್ಟಿತು. ಹುಡುಗ ಕೈ ಹಿಂದಕ್ಕೆ ಕಟ್ಟಿ ನಿಂತ. ಅಕ್ಕ ಬೈಯಲಿಲ್ಲ. ನೂರು ಪುಟದ ಒಂದು ನೋಟ್‌ಬುಕ್ ತೆಗೆದು, ಗೆರೆ ಎಳೆದು ಅಂಕಣ ಮಾಡಿಕೊಟ್ಟಳು: ಏನು ಕೆಟ್ಟಿತು, ಹೇಗೆ ಕೆಟ್ಟಿತು, ಯಾಕೆ ಇರಬಹುದು, ಯಾರು ಸರಿಮಾಡಿದರು. ‘ಬರೆ, ಬರೆದ ಮೇಲೆ ಇನ್ನೊಂದು ಎಲ್ಇಡಿ ತೆಗೆದುಕೊ’ ಎಂದಳು.

‘ಯಾಕೆ’ ಎಂಬ ಅಂಕಣ ತುಂಬಲು ಆ ಸಂಜೆ ಲೆಕ್ಕವೇ ನಡೆಯಿತು. ಕೆಂಪು ಎಲ್ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ. ಬ್ಯಾಟರಿ 9. ಉಳಿದ 7 ವೋಲ್ಟನ್ನು ಯಾರಾದರೂ ಹೊರಬೇಕು. 20 ಮಿಲಿಆಂಪ್ ಹರಿಯಬೇಕೆಂದರೆ 350 ಓಮ್ ರೆಸಿಸ್ಟರ್ (ವಿದ್ಯುತ್ ಹರಿವನ್ನು ತಡೆಯುವ ಬಿಡಿಭಾಗ) ಬೇಕು. ಡಬ್ಬಿಯಲ್ಲಿ ಹತ್ತಿರದ್ದು 330. 330ರ ಗುರುತಾದ ಕಿತ್ತಳೆ, ಕಿತ್ತಳೆ, ಕಂದು ಪಟ್ಟಿಯದನ್ನು ಹುಡುಕಿ ಸೇರಿಸಿದರು. ಎಂಟನೇ ತರಗತಿಯ ಹುಡುಗನಿಗೆ ಓಮ್‌ನ ನಿಯಮ ಪಾಠಕ್ಕೆ ಬರುವ ಮೊದಲೇ ಬೇಕಾಗಿ ಬಂದಿತ್ತು.

ಆ ನೋಟ್‌ಬುಕ್ಕಿನ ಅತ್ಯಂತ ಒಳ್ಳೆಯ ಪುಟಗಳು ಮಣ್ಣಿನ ತೇವ ಅಳೆಯುವ ಸೆನ್ಸರ್ ಬಗ್ಗೆ ಇವೆ. ಶಾಲೆಯ ಕೈತೋಟಕ್ಕೆ ಯಾವಾಗ ನೀರು ಬಿಡಬೇಕೆಂದು ತಿಳಿಯಲು ಮಕ್ಕಳು ಎರಡು ಕಾಲಿನ ಅಗ್ಗದ ಸೆನ್ಸರ್ ನೆಟ್ಟರು. ಕೆಲವೇ ದಿನಗಳಲ್ಲಿ ಅದು ಹುಚ್ಚುಹುಚ್ಚಾಗಿ ಅಂಕಿ ತೋರಿಸತೊಡಗಿತು. ಕಿತ್ತು ನೋಡಿದರೆ ಒಂದು ಕಾಲಿನ ತಾಮ್ರ ಕರಗಿಹೋಗಿದೆ, ಇನ್ನೊಂದು ಹಾಗೆಯೇ ಇದೆ. ಹೊಸದನ್ನು ನೆಟ್ಟರೂ ಅದೇ ಗತಿ. ‘ಪ್ಲಸ್ ಕಡೆಯ ಕಾಲು ಮಾತ್ರ ಸವೆಯುತ್ತಿದೆ’ ಎಂದು ಒಂಬತ್ತನೇ ತರಗತಿಯ ಹುಡುಗಿ ಬರೆದಳು. ತೇವದ ಮಣ್ಣಿನಲ್ಲಿ ಸದಾ ವಿದ್ಯುತ್ ಹರಿಸಿದರೆ ಧನಾಗ್ರದ ಲೋಹ ಕರಗುತ್ತದೆ. ಪಠ್ಯಪುಸ್ತಕದಲ್ಲಿ ವಿದ್ಯುದ್ವಿಭಜನೆ ಎಂದು ಓದುವುದು ಕೈತೋಟದಲ್ಲಿ ನಡೆದಿತ್ತು. ಪರಿಹಾರವನ್ನೂ ಅವರೇ ಕಂಡುಕೊಂಡರು: ಸದಾ ಕರೆಂಟು ಕೊಡುವ ಬದಲು, ಗಂಟೆಗೊಮ್ಮೆ, ಅಳೆಯುವ ಆ ಕ್ಷಣಕ್ಕೆ ಮಾತ್ರ ಬೋರ್ಡಿನಿಂದ ಕರೆಂಟು ಬರುವಂತೆ ಪ್ರೋಗ್ರಾಂ ತಿದ್ದಿದರು. ಮುಂದೆ ತಾಮ್ರದ ಕಾಲುಗಳ ಬದಲು ತುಕ್ಕು ಹಿಡಿಯದ ಸ್ಟೀಲಿನ ಕಡ್ಡಿ ಹಾಕಿದರು.

ಹಾಳಾದ ಈ ಸೆನ್ಸರ್‌ಗಳ ಒಟ್ಟು ಬೆಲೆ ಒಂದು ರೋಬೋಟ್ ಕಿಟ್ಟಿನ ಬೆಲೆಗೆ ಸಮನಲ್ಲ. ಆದರೆ ಮೊದಲ ಸುತ್ತಿನ ವ್ಯವಸ್ಥೆಯಲ್ಲಿ ಪ್ರತಿಯೊಂದೂ ದಾಸ್ತಾನಿನ ಕೊರತೆ ಎಂದು ದಾಖಲಾಗುತ್ತಿತ್ತು, ಯಾರದೋ ಸಂಬಳಕ್ಕೆ ಕುತ್ತಾಗುತ್ತಿತ್ತು. ಇಲ್ಲಿ ಅದಕ್ಕೆಂದೇ ಹಣ ಇತ್ತು.

ನೀರಿನ ವಿಷಯದಲ್ಲಿ ಟ್ರಸ್ಟ್ ಹೆಚ್ಚು ಎಚ್ಚರಿಕೆಯಿಂದ ನಡೆಯಬೇಕಾಯಿತು. ಆ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆಯಿದೆ. ಮನೆಗಳಲ್ಲಿ ಹಲ್ಲಿನ ಕಂದು ಕಲೆ ನೋಡಿ ಬೆಳೆದ ಮಕ್ಕಳು ತಮ್ಮ ಬೀದಿಯ ಕೊಳವೆಬಾವಿಯನ್ನು ಪರೀಕ್ಷಿಸಬೇಕೆಂದು ತಾವಾಗಿಯೇ ಕೇಳಿದರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕವಿದೆ. ಬಣ್ಣ ಹೋಲಿಸಿ ನೋಡುವ ಕಿಟ್ಟಿನಲ್ಲಿ ಫ್ಲೋರೈಡ್ ಹೆಚ್ಚಿದಂತೆ ಗುಲಾಬಿ ಬಣ್ಣ ಹಳದಿಯತ್ತ ತಿರುಗುತ್ತದೆ. ಮಕ್ಕಳು ಫಲಿತಾಂಶ ಬರೆದು ಗೋಡೆಗೆ ಅಂಟಿಸಿದರೆ ಊರಿನಲ್ಲಿ ಗದ್ದಲವೇಳಬಹುದು, ಠರಾವು ಕೊಟ್ಟ ಪಂಚಾಯಿತಿಯೇ ಮುನಿಯಬಹುದು ಎಂದು ವಕೀಲರು ಹಿಂಜರಿದರು. ಪರೀಕ್ಷೆಯನ್ನೇ ಬೇಡ ಎನ್ನುವುದು ಶಿಕ್ಷಕರಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ನೀರುಗಂಟಿಯನ್ನೇ ಜೊತೆಗೆ ಸೇರಿಸಿಕೊಂಡರು. ಮಕ್ಕಳು ಅವನೊಡನೆ ಹೋಗಿ ಮಾದರಿ ಸಂಗ್ರಹಿಸುವುದು, ಹಳದಿ ತೋರಿದ್ದನ್ನು ಪಂಚಾಯಿತಿಯ ಮೂಲಕ ಜಿಲ್ಲಾ ಪ್ರಯೋಗಾಲಯಕ್ಕೆ ಕಳುಹಿಸುವುದು, ಅಲ್ಲಿಂದ ಖಚಿತವಾದ ಮೇಲಷ್ಟೇ ಊರಿಗೆ ಹೇಳುವುದು. ಅಂಕಿ ಹೇಳುವ ಮೊದಲು ಖಚಿತಪಡಿಸಿಕೊಳ್ಳಬೇಕು ಎಂಬ ಪಾಠ ಮಕ್ಕಳಿಗೆ ಹೀಗೆ ಸಿಕ್ಕಿತು. ನನ್ನ ಮಟ್ಟಿಗೆ ಆ ಕೇಂದ್ರದಲ್ಲಿ ನಡೆದ ಅತಿ ಮುಖ್ಯ ವಿಜ್ಞಾನ ಶಿಕ್ಷಣ ಅದು.

ಕಂಪನಿಯ ಅಧಿಕಾರಿ ಭೇಟಿಗೆ ಬಂದ ದಿನ ತೋರಿಸಲು ಮಾದರಿ ಎನ್ನುವಂಥದ್ದೇನೂ ತಯಾರಿರಲಿಲ್ಲ. ಮೇಜಿನ ಮೇಲೆ ಬಿಚ್ಚಿಟ್ಟ ಹಳೆಯ ಮಿಕ್ಸಿ, ಅರ್ಧ ಕಟ್ಟಿದ ಸರ್ಕಿಟ್ಟು. ಅವರ ಮುಖದಲ್ಲಿ ಸ್ವಲ್ಪ ನಿರಾಸೆ ಕಂಡಿತು. ಆಗ ಒಬ್ಬ ಹುಡುಗಿ ಕೆಟ್ಟದ್ದರ ಪುಸ್ತಕ ತಂದು ಮುಂದಿಟ್ಟಳು. ಅವರು ಕುರ್ಚಿ ಎಳೆದುಕೊಂಡು ಓದಲು ಕುಳಿತರು, ಪುಟ ಪುಟಕ್ಕೂ ಬರೆದವರನ್ನೇ ಕರೆದು ಪ್ರಶ್ನೆ ಕೇಳಿದರು. ಹಿಂತಿರುಗಿದ ಮೇಲೆ ವರದಿಯ ನಮೂನೆ ಬದಲಾಯಿತು. ಫಲಾನುಭವಿಗಳ ಒಟ್ಟು ಸಂಖ್ಯೆಯ ಜೊತೆಗೆ, ಬಾಗಿಲು ತೆರೆದಿದ್ದ ದಿನಗಳು, ಮರಳಿ ಬಂದ ಮಕ್ಕಳು, ಕೆಟ್ಟ ಮತ್ತು ಸರಿಯಾದ ವಸ್ತುಗಳು ಎಂಬ ಅಂಕಣಗಳು ಸೇರಿದವು. ಅನುದಾನ ಕೊಡುವವರೂ ಕಲಿಯಬಲ್ಲರು ಎಂಬುದಕ್ಕೆ ನಾನು ಈ ಅಧಿಕಾರಿಯನ್ನು ನೆನೆಯುತ್ತೇನೆ.

ಬಗೆಹರಿಯದ ಎರಡು ತೊಂದರೆಗಳು

ಎರಡನೇ ವರ್ಷದ ಆರಂಭದಲ್ಲಿ ಕಂತು ತಡವಾಯಿತು. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗಿತ್ತು, ಆದರೆ ಕಂಪನಿಯೊಳಗೆ ವಿಭಾಗ ಬದಲಾವಣೆಯಾಗಿ ಕಡತ ಎಲ್ಲೋ ನಿಂತಿತ್ತು. ಅಕ್ಕನಿಗೆ ತಿಂಗಳುಗಟ್ಟಲೆ ಗೌರವಧನ ಸಿಗಲಿಲ್ಲ. ಆಕೆ ಬೆಂಗಳೂರಿನ ಕೆಲಸಕ್ಕೆ ಮರಳುವ ಮಾತಾಡಿದಳು. ಅದರಲ್ಲಿ ಆಕೆಯದೇನೂ ತಪ್ಪಿರಲಿಲ್ಲ, ಮನೆ ನಡೆಯುವುದು ಆ ಹಣದಿಂದಲೇ. ಟ್ರಸ್ಟಿಗಳು ಕೈಗಡ ತಂದು ಕೊಟ್ಟರು. ಅನುದಾನದಲ್ಲಿ ಮೀಸಲು ನಿಧಿ ಇಟ್ಟುಕೊಳ್ಳಲು ಅವಕಾಶವಿರಲಿಲ್ಲ. ಆದ್ದರಿಂದ ಊರಿನವರಿಂದ, ಊರು ಬಿಟ್ಟು ಹೋಗಿ ನೌಕರಿಯಲ್ಲಿರುವವರಿಂದ 80ಜಿ ರಸೀದಿ ಕೊಟ್ಟು ಸಣ್ಣ ದೇಣಿಗೆ ಸಂಗ್ರಹಿಸಿ, ಆರು ತಿಂಗಳ ಗೌರವಧನದಷ್ಟು ಹಣವನ್ನು ಬೇರೆ ಇಡುವುದೆಂದು ನಿರ್ಧರಿಸಿದರು. ಆ ನಿಧಿ ಇನ್ನೂ ಪೂರ್ತಿಯಾಗಿಲ್ಲ. ಮುಂದಿನ ಒಪ್ಪಂದದಲ್ಲಿ ಕಂತು ಮುಂಗಡವಾಗಿ, ಅರ್ಧವರ್ಷಕ್ಕೊಮ್ಮೆ ಬರಬೇಕೆಂಬ ಷರತ್ತು ಸೇರಿಸಲು ಕೇಳಿದ್ದಾರೆ.

ಇನ್ನೊಂದು ತೊಂದರೆ ಹೆಣ್ಣುಮಕ್ಕಳದು. ಕತ್ತಲಾದ ಮೇಲೆ ಅವರು ಬರುವುದು ನಿಂತಿತು. ಸಂಜೆಯ ಸಮಯವನ್ನು ಕತ್ತಲಾಗುವ ಮೊದಲೇ ಮುಗಿಯುವಂತೆ ಬದಲಿಸಿ, ಭಾನುವಾರ ಬೆಳಿಗ್ಗೆ ಸೇರಿಸಿದ ಮೇಲೆ ಪ್ರೌಢಶಾಲೆಯ ಹುಡುಗಿಯರು ಮರಳಿದರು. ಅಕ್ಕ ಅದೇ ಹೋಬಳಿಯವಳಾದ್ದರಿಂದ ತಾಯಂದಿರಿಗೂ ಧೈರ್ಯ ಬಂತು. ಪಿಯುಸಿ ಹುಡುಗಿಯರು ಮಾತ್ರ ಹೆಚ್ಚಾಗಿ ಬರಲಿಲ್ಲ. ತಾಲ್ಲೂಕು ಕೇಂದ್ರದಿಂದ ಬಸ್ಸಿನಲ್ಲಿ ಮನೆ ಸೇರುವಾಗಲೇ ಅವರಿಗೆ ಹೊತ್ತಾಗಿರುತ್ತದೆ, ಭಾನುವಾರ ಮನೆಗೆಲಸ, ಹೊಲದ ಕೆಲಸ. ಅನುದಾನದ ಯಾವ ಬಾಬ್ತೂ ಅದನ್ನು ಮುಟ್ಟಲಿಲ್ಲ.

ಬೇರೆಯವರಿಗೆ ಇದರಿಂದ ಏನು ಉಪಯೋಗ

ಇಂಥ ಕೆಲಸಕ್ಕೆ ಅರ್ಜಿ ಹಾಕುವವರು ನನ್ನನ್ನು ಕೇಳಿದರೆ, ಉಪಕರಣದ ದರಪಟ್ಟಿಯನ್ನು ಕೊನೆಗೆ ಬರೆಯಿರಿ ಎನ್ನುತ್ತೇನೆ. ಮೊದಲು ವಾರದಲ್ಲಿ ಎಷ್ಟು ಗಂಟೆ ಬಾಗಿಲು ತೆರೆದಿರಬೇಕು, ತೆರೆಯುವವರು ಯಾರು, ಅವರ ಬದುಕು ನಡೆಯಲು ಎಷ್ಟು ಬೇಕು ಎಂದು ಲೆಕ್ಕ ಹಾಕಿ. ಆಮೇಲೆ ಒಂದು ವರ್ಷದಲ್ಲಿ ಮಕ್ಕಳು ಎಷ್ಟು ಹಾಳುಮಾಡಬಹುದೆಂದು ಅಂದಾಜಿಸಿ, ಅದನ್ನು ಸಂಕೋಚವಿಲ್ಲದೆ ಕೇಳಿ. ವಸ್ತುಗಳು ಯಾರ ದಾಸ್ತಾನಿನಲ್ಲಿರುತ್ತವೆ ಎಂಬುದನ್ನು ಹಣ ಬರುವ ಮೊದಲೇ ತೀರ್ಮಾನಿಸಿ. ಇಲ್ಲಿ ಮೇಜು, ಬೀರು ಪಂಚಾಯಿತಿಯ ಹೆಸರಿನಲ್ಲಿವೆ, ಮಕ್ಕಳ ಕೈಗೆ ಹೋಗುವ ಸಾಮಾನು ಟ್ರಸ್ಟಿನ ಹೆಸರಿನಲ್ಲಿದೆ. ಅದು ಕಳೆದರೆ ಸರ್ಕಾರಿ ನೌಕರರೊಬ್ಬರು ಉತ್ತರ ಕೊಡಬೇಕಿಲ್ಲ.

ಇದರಲ್ಲಿ ಹೊಸದೇನೂ ಇಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಶುರುವಾಗಿ 2002ರವರೆಗೆ ನಡೆದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಮಕ್ಕಳೇ ಪ್ರಯೋಗ ಮಾಡಬೇಕೆಂದು ಹೊರಟಾಗ, ಕಿಟ್ ಒದಗಿಸುವುದರ ಜೊತೆಗೆ ಶಿಕ್ಷಕರ ತರಬೇತಿ ಮತ್ತು ಶಾಲೆಗೆ ಹೋಗಿ ನೆರವಾಗುವುದಕ್ಕೂ ಅಷ್ಟೇ ಒತ್ತು ಕೊಟ್ಟಿತ್ತು. ನಮ್ಮ ಗಡಿಗೆ ಹತ್ತಿರದ, ಆಂಧ್ರಪ್ರದೇಶದ ಕುಪ್ಪಂನಲ್ಲಿ ಕ್ಯಾಂಪಸ್ ಇರುವ ಅಗಸ್ತ್ಯ ಪ್ರತಿಷ್ಠಾನದ ಸಂಚಾರಿ ಪ್ರಯೋಗಾಲಯಗಳಲ್ಲಿಯೂ ವಾಹನದೊಡನೆ ಕಲಿಸುವವರು ಬರುತ್ತಾರೆ. ಕೊಟ್ಟು ಹೋಗುವ ಪೆಟ್ಟಿಗೆಯಿಂದಲೇ ಕಲಿಕೆ ನಡೆಯುತ್ತದೆ ಎಂದು ಈ ಎರಡೂ ಕಡೆ ಯಾರೂ ನಂಬಿರಲಿಲ್ಲ.

ಈಗಿನ ಸ್ಥಿತಿ

ಮೂರು ವರ್ಷದ ಅವಧಿ ಮುಗಿಯುತ್ತಾ ಬಂದಿದೆ. ಕರೆಂಟ್ ಬಿಲ್ಲನ್ನು ಪಂಚಾಯಿತಿಯೇ ವಹಿಸಿಕೊಂಡಿದೆ. ಗೌರವಧನದ ಒಂದು ಪಾಲನ್ನೂ ವಹಿಸಿಕೊಳ್ಳಬೇಕೆಂದು ಟ್ರಸ್ಟ್ ಮನವಿ ಕೊಟ್ಟಿದ್ದು, ಅದು ಎರಡು ಸಭೆಗಳಲ್ಲಿ ಚರ್ಚೆಯಾಗಿ ಮುಂದಕ್ಕೆ ಹೋಗಿದೆ. ಪ್ರೌಢಶಾಲೆಗೆ ಹೊಸ ಮುಖ್ಯೋಪಾಧ್ಯಾಯಿನಿ ಬಂದಿದ್ದಾರೆ. ಬೀಗದ ಕೋಣೆಯ ದಾಸ್ತಾನನ್ನು ಪರಿಶೀಲಿಸಿ, ದುರಸ್ತಿಯಾಗಬಲ್ಲದ್ದನ್ನು ಶನಿವಾರಗಳಂದು ಶಾಲೆಯಲ್ಲೇ ಸರಿಮಾಡಿಕೊಡಿ ಎಂದು ಅಕ್ಕನಿಗೆ ಪತ್ರ ಬರೆದಿದ್ದಾರೆ. ಮೂರನೇ ಸುತ್ತಿನ ಪ್ರಸ್ತಾವನೆಯಲ್ಲಿ ಒಂದು ಹೊಸ ಬಾಬ್ತು ಸೇರಿದೆ: ಪಿಯುಸಿ ಹುಡುಗಿಯರಿಗಾಗಿ ತಾಲ್ಲೂಕು ಕೇಂದ್ರದ ಕಾಲೇಜಿನ ಬಳಿಯೇ ಮಧ್ಯಾಹ್ನದ ಹೊತ್ತು ಒಂದು ಮೇಜು, ಅದಕ್ಕೊಬ್ಬ ಮಾರ್ಗದರ್ಶಿ. ಜಾಗ ಕೊಡಲು ಕಾಲೇಜು ಒಪ್ಪಿದೆ. ಕಂಪನಿಯ ಉತ್ತರ ಇನ್ನೂ ಬರಬೇಕು.